ಚಿನ್ನದ ಅದಿರಿನ ಸೂಕ್ಷ್ಮ ಅರೆಯುವಿಕೆ

ಚಿನ್ನದ ಅದಿರಿನ ಸೂಕ್ಷ್ಮ ಅರೆಯುವಿಕೆ ಎಂಬುದು ಗಣಿಯಿಂದ ತೆಗೆದ ಗಟ್ಟಿಯಾದ ಅದಿರನ್ನು ನುಣ್ಣನೆಯ ಹುಡಿಯಾಗಿಸಿ, ಅದರೊಳಗೆ ಸಿಲುಕಿರುವ ಚಿನ್ನದ ಕಣಗಳನ್ನು ಹೊರತರುವ ಖನಿಜ ಸಂಸ್ಕರಣಾ ವಿಧಾನವಾಗಿದೆ. ಅದಿರಿನಲ್ಲಿರುವ ಚಿನ್ನದ ಬಹುಭಾಗವು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಬೆಣಚುಕಲ್ಲು ಅಥವಾ ಗಂಧಕಯುಕ್ತ ಖನಿಜಗಳ ಒಳಗೆ ಹುದುಗಿರುತ್ತದೆ. ಸಯನೈಡ್ ದ್ರಾವಣವು ಇಂತಹ ಕಣವನ್ನು ಮುಟ್ಟಿದರೆ ಮಾತ್ರ ಅದನ್ನು ಕರಗಿಸಬಲ್ಲದು. ಆದುದರಿಂದ ಅದಿರನ್ನು ಎಷ್ಟು ನುಣ್ಣಗೆ ಅರೆಯಲಾಗಿದೆ ಎಂಬುದು ಚಿನ್ನದ ಇಳುವರಿಯನ್ನು ನಿರ್ಧರಿಸುವ ಮುಖ್ಯ ಅಂಶಗಳಲ್ಲಿ ಒಂದಾಗಿದೆ.

ಸಾಮಾನ್ಯ ಚಿನ್ನದ ಗಿರಣಿಗಳಲ್ಲಿ ಅದಿರನ್ನು 75ರಿಂದ 150 ಮೈಕ್ರಾನ್ ಗಾತ್ರಕ್ಕೆ ಅರೆಯಲಾಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಚಿನ್ನವು ಇನ್ನೂ ಸೂಕ್ಷ್ಮವಾಗಿದ್ದಾಗ 10ರಿಂದ 20 ಮೈಕ್ರಾನ್‌ವರೆಗೆ ಅರೆಯುವುದುಂಟು. ಇದನ್ನು ಅತಿಸೂಕ್ಷ್ಮ ಅರೆಯುವಿಕೆ ಎಂದು ಕರೆಯುತ್ತಾರೆ. ಅರೆತವು ನುಣ್ಣಗಾದಂತೆ ವಿದ್ಯುತ್ತಿನ ವೆಚ್ಚವು ಏರುತ್ತದೆ. ಹೀಗಾಗಿ ಎಲ್ಲಿಯವರೆಗೆ ಅರೆಯಬೇಕು ಎಂಬುದು ತಾಂತ್ರಿಕ ಪ್ರಶ್ನೆಯಾಗಿರುವಂತೆಯೇ ಆರ್ಥಿಕ ಪ್ರಶ್ನೆಯೂ ಆಗಿದೆ.

ಅದಿರಿನಲ್ಲಿ ಚಿನ್ನದ ಇರುವಿಕೆ

ಚಿನ್ನವು ಅದಿರಿನಲ್ಲಿ ಹೇಗೆ ಸೇರಿಕೊಂಡಿದೆ ಎಂಬುದರ ಮೇಲೆ ಅರೆಯುವಿಕೆಯ ಪ್ರಯೋಜನ ಅವಲಂಬಿಸಿದೆ. ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮುಕ್ತ ಚಿನ್ನ: ಬೆಣಚುಕಲ್ಲಿನ ಪದರಗಳಲ್ಲಿ ಬಿಡಿಬಿಡಿಯಾಗಿರುವ, ಸಾಧಾರಣ ಅರೆತದಿಂದಲೇ ಬೇರ್ಪಡುವ ಕಣಗಳು. ದೊಡ್ಡ ಕಣಗಳನ್ನು ಗುರುತ್ವ ವಿಧಾನದಿಂದ, ಸಣ್ಣ ಕಣಗಳನ್ನು ಸಯನೈಡ್‌ನಿಂದ ಪಡೆಯಬಹುದು.

ಅಂಟಿಕೊಂಡ ಚಿನ್ನ: ಪೈರೈಟ್‌ನಂತಹ ಖನಿಜದ ಅಂಚಿಗೆ ಹತ್ತಿಕೊಂಡಿರುವ ಕಣಗಳು. ಇವುಗಳ ಒಂದು ಮೈ ತೆರೆದಿದ್ದರೂ ಸಾಕು, ದ್ರಾವಣವು ನಿಧಾನವಾಗಿ ಇಡೀ ಕಣವನ್ನು ಕರಗಿಸುತ್ತದೆ.

ಹುದುಗಿದ ಚಿನ್ನ: ಪೈರೈಟ್, ಆರ್ಸೆನೊಪೈರೈಟ್ ಅಥವಾ ಬೆಣಚುಕಲ್ಲಿನ ಒಳಗೆ ಎಲ್ಲ ಕಡೆಯಿಂದಲೂ ಮುಚ್ಚಿಹೋಗಿರುವ, ಕೆಲವೇ ಮೈಕ್ರಾನ್ ಅಗಲದ ಕಣಗಳು. ಸೂಕ್ಷ್ಮ ಅರೆಯುವಿಕೆಯಿಂದ ಹೆಚ್ಚಿನ ಲಾಭವಾಗುವುದು ಈ ಬಗೆಯ ಅದಿರಿಗೆ.

ಅದೃಶ್ಯ ಚಿನ್ನ: ಆರ್ಸೆನೊಪೈರೈಟ್ ಅಥವಾ ಪೈರೈಟ್‌ನ ಹರಳು ಜಾಲದಲ್ಲಿಯೇ ಪರಮಾಣುಗಳಾಗಿ ಸೇರಿಹೋಗಿರುವ ಚಿನ್ನ. ಇಲ್ಲಿ ಬಿಡಿಸಿಕೊಳ್ಳಲು ಕಣವೆಂಬುದೇ ಇರುವುದಿಲ್ಲ. ಆದುದರಿಂದ ಎಷ್ಟೇ ನುಣ್ಣಗೆ ಅರೆದರೂ ಅರೆಯುವಿಕೆಯೊಂದರಿಂದಲೇ ಇದು ಕೈಗೆ ಬರುವುದಿಲ್ಲ; ಖನಿಜವನ್ನೇ ರಾಸಾಯನಿಕವಾಗಿ ಒಡೆಯಬೇಕಾಗುತ್ತದೆ.

ಸಾಧಾರಣ ಅರೆತದ ನಂತರ ನೇರವಾಗಿ ಸಯನೈಡ್‌ಗೆ ಒಳಪಡಿಸಿದಾಗ ಕಡಿಮೆ ಇಳುವರಿ ನೀಡುವ ಅದಿರುಗಳನ್ನು ದುಸ್ಸಾಧ್ಯ ಅದಿರುಗಳೆಂದು ಕರೆಯಲಾಗುತ್ತದೆ. ಹುದುಗಿದ ಚಿನ್ನ ಮತ್ತು ಅದೃಶ್ಯ ಚಿನ್ನ ಇವೆರಡೂ ಅದಿರನ್ನು ದುಸ್ಸಾಧ್ಯವಾಗಿಸುತ್ತವೆಯಾದರೂ ಇವೆರಡರ ಪರಿಹಾರ ಬೇರೆ ಬೇರೆ. ದುಬಾರಿ ಯಂತ್ರಗಳನ್ನು ಕೊಳ್ಳುವ ಮುನ್ನ ಈ ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ.

ಗಡಸುತನ ಮತ್ತು ಶಕ್ತಿಯ ಬಳಕೆ

ಕಲ್ಲನ್ನು ಒಡೆಯಲು ಬೇಕಾಗುವ ಶಕ್ತಿಯ ಬಗ್ಗೆ ಮೂರು ಸಿದ್ಧಾಂತಗಳು ಪ್ರಸಿದ್ಧವಾಗಿವೆ. 1867ರಲ್ಲಿ ರಿಟಿಂಗರ್, ಈ ಶಕ್ತಿಯು ಹೊಸದಾಗಿ ಉಂಟಾಗುವ ಮೇಲ್ಮೈಗೆ ಅನುಗುಣವಾಗಿದೆ ಎಂದು ಹೇಳಿದನು. 1885ರಲ್ಲಿ ಕಿಕ್, ಅದು ಕಣದ ಗಾತ್ರ ಎಷ್ಟು ಪಟ್ಟು ಕುಗ್ಗಿತು ಎಂಬುದಕ್ಕೆ ಸಂಬಂಧಿಸಿದೆ ಎಂದನು. 1952ರಲ್ಲಿ ಅಮೆರಿಕದ ಫ್ರೆಡ್ ಬಾಂಡ್ ಇವೆರಡರ ನಡುವಿನ ಮೂರನೆಯ ಸಿದ್ಧಾಂತವನ್ನು ಮಂಡಿಸಿದನು. ಗಿರಣಿಗಳ ವಿನ್ಯಾಸದಲ್ಲಿ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಬಾಂಡ್ ಸೂತ್ರವೇ:

ಶಕ್ತಿ = 10 × ಕಾರ್ಯಸೂಚಿ × (1/√ಹೊರಬರುವ ಗಾತ್ರ − 1/√ಒಳಸೇರುವ ಗಾತ್ರ)

ಇಲ್ಲಿ ಗಾತ್ರವೆಂದರೆ ಹುಡಿಯ ತೂಕದಲ್ಲಿ ಶೇಕಡ 80ರಷ್ಟು ಭಾಗ ಹಾದುಹೋಗಬಲ್ಲ ಜರಡಿಯ ಕಣ್ಣಿನ ಅಳತೆ. ಇದನ್ನು ಮೈಕ್ರಾನ್‌ಗಳಲ್ಲಿ ಹೇಳಲಾಗುತ್ತದೆ. ಕಾರ್ಯಸೂಚಿಯು ಆಯಾ ಅದಿರಿನ ಗಡಸುತನದ ಅಳತೆಯಾಗಿದ್ದು, ಅದನ್ನು ಪ್ರಯೋಗಾಲಯದ ಚಿಕ್ಕ ಗುಂಡುಗಿರಣಿಯಲ್ಲಿ ಕಂಡುಹಿಡಿಯುತ್ತಾರೆ. ಇದರ ಮಾನ ಟನ್ನಿಗೆ ಇಷ್ಟು ಕಿಲೋವ್ಯಾಟ್-ಗಂಟೆ ಎಂದು. ಸುಮಾರು 9ರಿಂದ 14ರವರೆಗಿನ ಅದಿರು ಮಧ್ಯಮ, 14ರಿಂದ 20ರವರೆಗಿನದು ಗಡಸು, 20ಕ್ಕೆ ಮೇಲ್ಪಟ್ಟುದು ಅತಿ ಗಡಸು ಎಂದು ಪರಿಗಣಿತವಾಗಿದೆ.

ಉದಾಹರಣೆಗೆ, ಕಾರ್ಯಸೂಚಿ 16 ಇರುವ ಗಡಸು ಅದಿರನ್ನು 10,000 ಮೈಕ್ರಾನ್‌ನಿಂದ, ಅಂದರೆ 1 ಸೆಂಟಿಮೀಟರಿನಿಂದ ಅರೆಯಲು ಆರಂಭಿಸಲಾಗಿದೆ ಎಂದುಕೊಳ್ಳಬಹುದು. ಸೂತ್ರದ ಪ್ರಕಾರ 100 ಮೈಕ್ರಾನ್‌ಗೆ ತರಲು ಟನ್ನಿಗೆ 14.4 ಕಿಲೋವ್ಯಾಟ್-ಗಂಟೆ, 75 ಮೈಕ್ರಾನ್‌ಗೆ 16.9, 25 ಮೈಕ್ರಾನ್‌ಗೆ 30.4 ಕಿಲೋವ್ಯಾಟ್-ಗಂಟೆ ಬೇಕಾಗುತ್ತದೆ. ವಾಸ್ತವದಲ್ಲಿ ಅತಿ ನುಣುಪಾದ ಗಾತ್ರಗಳಲ್ಲಿ ಈ ಸೂತ್ರವು ಶಕ್ತಿಯನ್ನು ಕಡಿಮೆಯಾಗಿ ಅಂದಾಜಿಸುತ್ತದೆ. ಗುಂಡುಗಿರಣಿಯಲ್ಲಿ ಆಗುವ ವೆಚ್ಚ ಇದಕ್ಕಿಂತ ಹೆಚ್ಚು.

ಶಕ್ತಿ ಹೀಗೆ ಏರುವುದಕ್ಕೆ ಮೇಲ್ಮೈಯ ಹೆಚ್ಚಳ ಒಂದು ಕಾರಣ. 1 ಸೆಂಟಿಮೀಟರ್ ಬದಿಯ ಘನವನ್ನು 10 ಮೈಕ್ರಾನ್ ಬದಿಯ ಘನಗಳಾಗಿ ಕತ್ತರಿಸಿದರೆ 100 ಕೋಟಿ ತುಣುಕುಗಳಾಗುತ್ತವೆ. ಆಗ ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರಿನಿಂದ 6,000 ಚದರ ಸೆಂಟಿಮೀಟರಿಗೆ ಏರುತ್ತದೆ. ಇನ್ನೊಂದು ಕಾರಣವೆಂದರೆ, ಕಣವು ಚಿಕ್ಕದಾದಂತೆ ಅದರಲ್ಲಿ ಸೀಳಲು ಅನುಕೂಲವಾದ ಬಿರುಕುಗಳು ಕಡಿಮೆಯಾಗುತ್ತವೆ.

ಇತಿಹಾಸ

19ನೆಯ ಶತಮಾನದ ಗಣಿಗಳಲ್ಲಿ ಅದಿರನ್ನು ಒನಕೆ ಗಿರಣಿಗಳಲ್ಲಿ ಕುಟ್ಟಲಾಗುತ್ತಿತ್ತು. ಸಾಲಾಗಿ ನಿಲ್ಲಿಸಿದ ಭಾರವಾದ ಕಬ್ಬಿಣದ ಒನಕೆಗಳು ಒಂದಾದ ಮೇಲೊಂದು ಬಿದ್ದು ಕಲ್ಲನ್ನು ಪುಡಿಮಾಡುತ್ತಿದ್ದವು. ಬಳಿಕ ಆ ಹುಡಿಯನ್ನು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ನೀರಿನೊಡನೆ ಹರಿಸಿ ಚಿನ್ನವನ್ನು ಹಿಡಿಯುತ್ತಿದ್ದರು. ಸೂಕ್ಷ್ಮ ಚಿನ್ನದ ಗಣನೀಯ ಭಾಗವು ಕೆಸರಿನೊಡನೆ ಹರಿದು ಹೋಗುತ್ತಿತ್ತು.

1887ರಲ್ಲಿ ಗ್ಲ್ಯಾಸ್ಗೊ ನಗರದ ಜಾನ್ ಸ್ಟುವರ್ಟ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸಯನೈಡ್ ಪ್ರಕ್ರಿಯೆಗೆ ಹಕ್ಕುಪತ್ರ ಪಡೆದರು. ಆಮ್ಲಜನಕದ ಸಮ್ಮುಖದಲ್ಲಿ ದುರ್ಬಲ ಸಯನೈಡ್ ದ್ರಾವಣವು ಚಿನ್ನವನ್ನು ಕರಗಿಸುತ್ತದೆ ಎಂಬುದು ಇದರ ತಳಹದಿ. ಈ ವಿಧಾನವು ಕೆಲವೇ ವರ್ಷಗಳಲ್ಲಿ ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡ್ ಗಣಿಗಳಲ್ಲಿ ವ್ಯಾಪಕವಾಯಿತು.

ಆದರೆ ಆರಂಭದಲ್ಲಿ ನುಣ್ಣನೆಯ ಅರೆತವು ಅನುಕೂಲಕ್ಕಿಂತ ತೊಡಕಾಗಿಯೇ ಪರಿಣಮಿಸಿತ್ತು. ಆಗ ದ್ರಾವಣವನ್ನು ತೊಟ್ಟಿಯಲ್ಲಿ ತುಂಬಿದ ಮರಳಿನ ಮೂಲಕ ಇಳಿಬಿಡುತ್ತಿದ್ದರು. ನುಣುಪಾದ ಕೆಸರು ಮರಳಿನ ಸಂದುಗಳನ್ನು ಮುಚ್ಚಿ ದ್ರಾವಣವನ್ನು ತಡೆಯುತ್ತಿತ್ತು. ಕೆಸರನ್ನು ಗಾಳಿಯೂದಿ ಕಲಕುವ ಎತ್ತರದ ತೊಟ್ಟಿಗಳು ಮತ್ತು ನಿರ್ವಾತ ಸೋಸುಕಗಳು 20ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ಮೇಲೆಯೇ ಅದಿರನ್ನೆಲ್ಲ ನುಣ್ಣಗೆ ಅರೆದು ಸಂಸ್ಕರಿಸುವುದು ಸಾಧ್ಯವಾಯಿತು. 1973ರಲ್ಲಿ ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ, ಕೆಸರಿನಿಂದ ಚಿನ್ನವನ್ನು ನೇರವಾಗಿ ಇದ್ದಿಲಿನ ಹರಳುಗಳಿಗೆ ಹೀರಿಸುವ ವಿಧಾನವು ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂದಿತು. ಇದರಿಂದ ಕೆಸರನ್ನು ಸೋಸುವ ತೊಡಕು ಬಹುಮಟ್ಟಿಗೆ ನಿವಾರಣೆಯಾಯಿತು.

ಯಂತ್ರಗಳು

ಗಣಿಯಿಂದ ಬಂದ ಕಲ್ಲನ್ನು ಮೊದಲು ದವಡೆ ಯಂತ್ರ ಮತ್ತು ಶಂಕು ಯಂತ್ರಗಳಲ್ಲಿ ಜಲ್ಲಿಯಾಗಿಸಿ, ಅನಂತರ ನೀರಿನೊಡನೆ ಅರೆಯಲಾಗುತ್ತದೆ.

ಗುಂಡುಗಿರಣಿ ಅಥವಾ ಬಾಲ್ ಮಿಲ್: ಅಡ್ಡಲಾಗಿ ತಿರುಗುವ ಉಕ್ಕಿನ ಉರುಳೆ. ಅದರೊಳಗೆ ಮೂರನೆಯ ಒಂದು ಭಾಗದಷ್ಟು ಉಕ್ಕಿನ ಗುಂಡುಗಳಿರುತ್ತವೆ. ಉರುಳೆ ತಿರುಗಿದಂತೆ ಗುಂಡುಗಳು ಮೇಲೇರಿ ಕೆಳಗುರುಳಿ ಅದಿರನ್ನು ಅರೆಯುತ್ತವೆ. ವೇಗ ಮಿತಿಮೀರಿದರೆ ಗುಂಡುಗಳು ಕೆಳಗೆ ಬೀಳದೆ ಗೋಡೆಗೆ ಅಂಟಿಕೊಂಡು ಸುತ್ತುತ್ತವೆ. ಇದನ್ನು ನಿರ್ಣಾಯಕ ವೇಗ ಎನ್ನುತ್ತಾರೆ. 4 ಮೀಟರ್ ವ್ಯಾಸದ ಗಿರಣಿಗೆ ಇದು ನಿಮಿಷಕ್ಕೆ ಸುಮಾರು 21 ಸುತ್ತು. ಗಿರಣಿಗಳನ್ನು ಸಾಮಾನ್ಯವಾಗಿ ಇದರ ಶೇಕಡ 65ರಿಂದ 80ರ ವೇಗದಲ್ಲಿ ನಡೆಸಲಾಗುತ್ತದೆ.

ಅರೆ-ಸ್ವಯಂಜನ್ಯ ಅರೆತದ ಗಿರಣಿ: ಇದನ್ನು ಸ್ಯಾಗ್ ಮಿಲ್ ಎಂದು ಕರೆಯುತ್ತಾರೆ. ಇದರಲ್ಲಿ ಅದಿರಿನ ದೊಡ್ಡ ಕಲ್ಲುಗಳೇ ಸ್ವಲ್ಪ ಉಕ್ಕಿನ ಗುಂಡುಗಳ ಜೊತೆ ಸೇರಿ ಚಿಕ್ಕ ಕಲ್ಲುಗಳನ್ನು ಅರೆಯುತ್ತವೆ. ಇದು ಗುಂಡುಗಿರಣಿಗೆ ಮೊದಲಿನ ಹಂತ.

ಕಲಕು ಗಿರಣಿ: ಇದರಲ್ಲಿ ಪಾತ್ರೆಯು ಸ್ಥಿರವಾಗಿದ್ದು, ಒಳಗಿನ ತಿರುಪು ಅಥವಾ ಬಿಲ್ಲೆಗಳು ತಿರುಗುತ್ತವೆ. ಅರೆಯುವ ಮಾಧ್ಯಮವಾಗಿ ಕೆಲವೇ ಮಿಲಿಮೀಟರ್ ಗಾತ್ರದ ಪಿಂಗಾಣಿ ಮಣಿಗಳನ್ನೋ ಮರಳನ್ನೋ ಬಳಸುತ್ತಾರೆ. ಮಣಿಗಳು ಚಿಕ್ಕವಾದಷ್ಟೂ ಅವುಗಳ ಸಂಖ್ಯೆ ಹೆಚ್ಚಿ, ಸೂಕ್ಷ್ಮ ಕಣಗಳು ಅವುಗಳ ನಡುವೆ ಸಿಕ್ಕಿ ಉಜ್ಜಲ್ಪಡುವ ಸಂದರ್ಭಗಳೂ ಹೆಚ್ಚುತ್ತವೆ. ಇದರಿಂದಾಗಿ ಸುಮಾರು 30 ಮೈಕ್ರಾನ್‌ಗಿಂತ ಕೆಳಗೆ ಗುಂಡುಗಿರಣಿಗಿಂತ ಕಲಕು ಗಿರಣಿಯು ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತದೆ. ಆಸ್ಟ್ರೇಲಿಯದ ಮೌಂಟ್ ಐಸಾದಲ್ಲಿ ಸೀಸ-ಸತುವಿನ ಅದಿರಿಗಾಗಿ ರೂಪುಗೊಂಡು, 1994ರಲ್ಲಿ ಪೂರ್ಣ ಪ್ರಮಾಣದಲ್ಲಿ ಬಳಕೆಗೆ ಬಂದ ಐಸಾಮಿಲ್ ಈ ಬಗೆಯ ಪ್ರಸಿದ್ಧ ಯಂತ್ರಗಳಲ್ಲೊಂದು.

ವರ್ಗೀಕರಣ ಮತ್ತು ಗುರುತ್ವ ಸಂಗ್ರಹ

ಗಿರಣಿಯಿಂದ ಹೊರಬಂದ ಕೆಸರನ್ನು ಜಲಸುಳಿ ಎಂಬ ಶಂಕುವಿನಾಕಾರದ ಸಾಧನದಲ್ಲಿ ರಭಸದಿಂದ ಸುತ್ತಿಸುತ್ತಾರೆ. ನುಣುಪಾದ ಕಣಗಳು ಮೇಲಿನಿಂದ ಹೊರಹೋಗಿ ಮುಂದಿನ ಹಂತಕ್ಕೆ ಸಾಗುತ್ತವೆ. ದಪ್ಪ ಕಣಗಳು ಕೆಳಗಿನಿಂದ ಗಿರಣಿಗೆ ಹಿಂದಿರುಗುತ್ತವೆ. ಹೀಗೆ ಹಿಂದಿರುಗುವ ಅದಿರು ಹೊಸದಾಗಿ ಸೇರುವ ಅದಿರಿನ ಎರಡು ಮೂರು ಪಟ್ಟು ಇರುವುದು ಸಾಮಾನ್ಯ.

ಈ ವ್ಯವಸ್ಥೆಯಲ್ಲಿ ಚಿನ್ನವು ವಿಶಿಷ್ಟವಾಗಿ ವರ್ತಿಸುತ್ತದೆ. ಬೆಣಚುಕಲ್ಲಿನ ಸಾಪೇಕ್ಷ ಸಾಂದ್ರತೆ 2.65, ಪೈರೈಟ್‌ನದು ಸುಮಾರು 5, ಚಿನ್ನದ್ದು 19.3. ಈ ಭಾರದಿಂದಾಗಿ, ಈಗಾಗಲೇ ಬಿಡುಗಡೆಯಾದ ಚಿನ್ನದ ಕಣವೂ ದಪ್ಪ ಕಣಗಳೊಡನೆ ಕೆಳಗಿಳಿದು ಮತ್ತೆ ಮತ್ತೆ ಗಿರಣಿಗೆ ಮರಳುತ್ತದೆ. ಮೆದು ಲೋಹವಾದ ಚಿನ್ನವು ಒಡೆಯುವ ಬದಲು ಚಪ್ಪಟೆಯಾಗಿ ತೆಳ್ಳನೆಯ ಹಾಳೆಯಂತಾಗುತ್ತದೆ. ಗಿರಣಿಯ ಒಳಗವಚದ ಸಂದುಗಳಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಇದನ್ನು ತಡೆಯಲು, ಹಿಂದಿರುಗುವ ಪ್ರವಾಹದ ಒಂದು ಭಾಗವನ್ನು ಕೇಂದ್ರಾಪಗಾಮಿ ಸಂಗ್ರಾಹಕಗಳ ಮೂಲಕ ಹಾಯಿಸಿ ದಪ್ಪ ಚಿನ್ನವನ್ನು ಮೊದಲೇ ತೆಗೆದುಬಿಡುತ್ತಾರೆ. ದೊಡ್ಡ ಕಣಗಳು ಸಯನೈಡ್‌ನಲ್ಲಿ ಕರಗಲು ಬಹಳ ಸಮಯ ಹಿಡಿಯುವುದರಿಂದಲೂ ಈ ಕ್ರಮ ಉಪಯುಕ್ತವಾಗಿದೆ.

ಅರೆತದ ಗಾತ್ರದ ಆಯ್ಕೆ

ಸೂಕ್ತ ಗಾತ್ರವನ್ನು ನಿರ್ಧರಿಸಲು ಅದಿರಿನ ಮಾದರಿಯನ್ನು ಹಲವು ಗಾತ್ರಗಳಿಗೆ, ಉದಾಹರಣೆಗೆ 150, 106, 75 ಮತ್ತು 53 ಮೈಕ್ರಾನ್‌ಗಳಿಗೆ ಅರೆಯಲಾಗುತ್ತದೆ. ಪ್ರತಿಯೊಂದನ್ನೂ ಸಯನೈಡ್ ದ್ರಾವಣದೊಡನೆ ಬಾಟಲಿಗಳಲ್ಲಿ ತುಂಬಿ, 24ರಿಂದ 48 ಗಂಟೆಗಳ ಕಾಲ ಉರುಳಿಸಿ, ಕರಗಿದ ಚಿನ್ನವನ್ನು ಅಳೆಯುತ್ತಾರೆ. ಉಳಿದ ಶೇಷವನ್ನು ಜರಡಿ ಹಿಡಿದು, ಯಾವ ಗಾತ್ರದ ಕಣಗಳಲ್ಲಿ ಎಷ್ಟು ಚಿನ್ನ ಉಳಿದಿದೆ ಎಂಬುದನ್ನೂ ಪರೀಕ್ಷಿಸುತ್ತಾರೆ. ನಷ್ಟವು ದಪ್ಪ ಕಣಗಳಲ್ಲಿಯೇ ಹೆಚ್ಚಾಗಿದ್ದರೆ ಇನ್ನಷ್ಟು ಅರೆಯುವುದರಿಂದ ಲಾಭವಿದೆ. ಅದು ಎಲ್ಲ ಗಾತ್ರಗಳಲ್ಲಿಯೂ ಸಮನಾಗಿದ್ದರೆ ಚಿನ್ನವು ಇನ್ನೂ ಸೂಕ್ಷ್ಮವಾಗಿದೆ ಅಥವಾ ಅದೃಶ್ಯ ರೂಪದಲ್ಲಿದೆ ಎಂದು ಶಂಕಿಸಬೇಕಾಗುತ್ತದೆ.

ಲೆಕ್ಕಾಚಾರದ ಸ್ವರೂಪವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಟನ್ನಿಗೆ 3 ಗ್ರಾಂ ಚಿನ್ನವಿರುವ 10 ಲಕ್ಷ ಟನ್ ಅದಿರನ್ನು ವರ್ಷಕ್ಕೆ ಅರೆಯುವ ಗಿರಣಿಗೆ ಒಟ್ಟು 3,000 ಕಿಲೋಗ್ರಾಂ ಚಿನ್ನ ಬರುತ್ತದೆ. ಇಳುವರಿ ಶೇಕಡ 1ರಷ್ಟು ಹೆಚ್ಚಿದರೆ ದೊರೆಯುವುದು 30 ಕಿಲೋಗ್ರಾಂ. ಮೇಲೆ ಹೇಳಿದ ಗಡಸು ಅದಿರನ್ನು 106ರ ಬದಲು 75 ಮೈಕ್ರಾನ್‌ಗೆ ಅರೆಯಲು ಟನ್ನಿಗೆ ಸುಮಾರು 2.9 ಕಿಲೋವ್ಯಾಟ್-ಗಂಟೆಯಂತೆ ವರ್ಷಕ್ಕೆ 29 ಲಕ್ಷ ಕಿಲೋವ್ಯಾಟ್-ಗಂಟೆ ವಿದ್ಯುತ್ ಹೆಚ್ಚಾಗಿ ಬೇಕಾಗುತ್ತದೆ. ಇದರ ಜೊತೆಗೆ ಗುಂಡುಗಳ ಸವೆತ ಮತ್ತು ರಾಸಾಯನಿಕಗಳ ವೆಚ್ಚವನ್ನು ಸೇರಿಸಿ, ದೊರೆಯುವ ಚಿನ್ನದ ಬೆಲೆಯೊಡನೆ ತೂಗಿನೋಡಲಾಗುತ್ತದೆ. ಗಿರಣಿಯ ಸಾಮರ್ಥ್ಯವು ಸೀಮಿತವಾಗಿದ್ದರೆ, ನುಣ್ಣಗೆ ಅರೆದಷ್ಟೂ ದಿನಕ್ಕೆ ಅರೆಯಬಹುದಾದ ಅದಿರಿನ ಪ್ರಮಾಣ ತಗ್ಗುತ್ತದೆ. ಆಗ ಶೇಕಡಾವಾರು ಇಳುವರಿ ಏರಿದರೂ ಒಟ್ಟು ಚಿನ್ನ ಕಡಿಮೆಯಾಗುವ ಸಂಭವವಿದೆ.

ಅತಿಸೂಕ್ಷ್ಮ ಅರೆಯುವಿಕೆ: ಕಾಲ್ಗೂರ್ಲಿಯ ಉದಾಹರಣೆ

ಪಶ್ಚಿಮ ಆಸ್ಟ್ರೇಲಿಯದ ಕಾಲ್ಗೂರ್ಲಿಯಲ್ಲಿ 1893ರಲ್ಲಿ ಚಿನ್ನ ಪತ್ತೆಯಾಯಿತು. ಮೇಲ್ಪದರದ ಸವೆದ ಅದಿರು ಸುಲಭವಾಗಿ ಚಿನ್ನ ನೀಡಿತಾದರೂ, ಆಳದಲ್ಲಿ ಪೈರೈಟ್ ಹಾಗೂ ಚಿನ್ನ ಮತ್ತು ಟೆಲ್ಯೂರಿಯಂ ಕೂಡಿದ ಟೆಲ್ಯುರೈಡ್ ಖನಿಜಗಳು ಎದುರಾದವು. ಇವು ಪಾದರಸಕ್ಕೆ ಹಿಡಿಯುತ್ತಿರಲಿಲ್ಲ. ಸಯನೈಡ್‌ನಲ್ಲಿಯೂ ಬಹು ನಿಧಾನವಾಗಿ ಕರಗುತ್ತಿದ್ದವು. ಆದುದರಿಂದ ಅದಿರನ್ನು ಹುರಿದು ಗಂಧಕ ಮತ್ತು ಟೆಲ್ಯೂರಿಯಂಗಳನ್ನು ಹೊರಗಟ್ಟುವ ಪದ್ಧತಿ ಅಲ್ಲಿ ಬೇರೂರಿತು. ಹುರಿಯುವಾಗ ಹೊರಬರುವ ಗಂಧಕದ ಡೈಆಕ್ಸೈಡ್ ಅನಿಲವು ಪಟ್ಟಣದ ಗಾಳಿಯನ್ನು ಕೆಡಿಸುತ್ತಿತ್ತು. 1980ರ ದಶಕದ ಕೊನೆಯಲ್ಲಿ ಹುರಿಯುವ ಕುಲುಮೆಗಳನ್ನು ಪಟ್ಟಣದ ಉತ್ತರಕ್ಕಿರುವ ಗಿಡ್ಜಿ ಎಂಬಲ್ಲಿಗೆ ಸ್ಥಳಾಂತರಿಸಲಾಯಿತು.

2000ದ ದಶಕದ ಆರಂಭದಲ್ಲಿ ಗಿಡ್ಜಿಯಲ್ಲಿ ಅತಿಸೂಕ್ಷ್ಮ ಅರೆಯುವ ಐಸಾಮಿಲ್ ಸ್ಥಾಪನೆಯಾಯಿತು. ಇಲ್ಲಿ ಅದಿರನ್ನೆಲ್ಲ ಅತಿಸೂಕ್ಷ್ಮವಾಗಿ ಅರೆಯುವುದಿಲ್ಲ. ಮೊದಲು ಸಾಧಾರಣ ಗಾತ್ರಕ್ಕೆ ಅರೆದು, ನೊರೆಯಲ್ಲಿ ತೇಲಿಸುವ ವಿಧಾನದಿಂದ ಗಂಧಕಯುಕ್ತ ಖನಿಜಗಳನ್ನು ಬೇರ್ಪಡಿಸುತ್ತಾರೆ. ಹೀಗೆ ದೊರೆಯುವ ಸಾರೀಕೃತ ಅದಿರು ಮೂಲ ಅದಿರಿನ ಅಲ್ಪ ಭಾಗ ಮಾತ್ರ. ಅದನ್ನಷ್ಟೇ ಸುಮಾರು 10ರಿಂದ 12 ಮೈಕ್ರಾನ್‌ಗೆ ಅರೆದು ಸಯನೈಡ್‌ಗೆ ಒಳಪಡಿಸುತ್ತಾರೆ. ಟನ್ನುಗಟ್ಟಲೆ ಬೆಣಚುಕಲ್ಲನ್ನು ವೃಥಾ ಅರೆಯುವುದು ತಪ್ಪುವುದರಿಂದ ಅತಿಸೂಕ್ಷ್ಮ ಅರೆಯುವಿಕೆಯು ಆರ್ಥಿಕವಾಗಿ ಸಾಧ್ಯವಾಗುತ್ತದೆ. ಎರಡನೆಯ ಗಿರಣಿಯು ಸೇರ್ಪಡೆಯಾದ ಬಳಿಕ, 2015ರಲ್ಲಿ ಗಿಡ್ಜಿಯ ಹುರಿಯುವ ಕುಲುಮೆಗಳನ್ನು ಮುಚ್ಚಲಾಯಿತು.

ಮಿತಿಗಳು

ಸೂಕ್ಷ್ಮ ಅರೆಯುವಿಕೆಯು ಚಿನ್ನದ ಜೊತೆಗೆ ಇತರ ಖನಿಜಗಳ ಮೇಲ್ಮೈಯನ್ನೂ ತೆರೆಯುತ್ತದೆ. ಪಿರೊಟೈಟ್ ಹಾಗೂ ತಾಮ್ರದ ಕೆಲವು ಖನಿಜಗಳು ಸಯನೈಡ್ ಮತ್ತು ಆಮ್ಲಜನಕಗಳನ್ನು ಕಬಳಿಸುತ್ತವೆ. ಆದುದರಿಂದ ಅರೆದ ಕೆಸರಿಗೆ ಸಯನೈಡ್ ಸೇರಿಸುವ ಮುನ್ನ ಸುಣ್ಣ ಬೆರೆಸಿ, ಗಾಳಿ ಅಥವಾ ಆಮ್ಲಜನಕವನ್ನು ಊದಿ ಹದಗೊಳಿಸುತ್ತಾರೆ. ಅತಿ ನುಣುಪಾದ ಕೆಸರು ಜಿಗುಟಾಗಿ ಕಲಕಲು ಕಷ್ಟವಾಗುತ್ತದೆ, ನಿಧಾನವಾಗಿ ತಿಳಿಯಾಗುತ್ತದೆ. ಉಕ್ಕಿನ ಗುಂಡುಗಳಿಂದ ಸವೆದ ಕಬ್ಬಿಣವೂ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಪಿಂಗಾಣಿ ಮಣಿಗಳಿಗೆ ಆದ್ಯತೆ ದೊರೆತಿದೆ.

ಅದಿರಿನಲ್ಲಿ ಇಂಗಾಲದ ಅಂಶವಿದ್ದರೆ ಅದು ಕರಗಿದ ಚಿನ್ನವನ್ನು ಮತ್ತೆ ಹೀರಿಕೊಳ್ಳುತ್ತದೆ. ಈ ತೊಂದರೆಯನ್ನು ಅರೆಯುವಿಕೆಯಿಂದ ಪರಿಹರಿಸಲಾಗದು. ಅದೃಶ್ಯ ಚಿನ್ನವಿರುವ ಅದಿರಿಗೆ ಹುರಿಯುವಿಕೆ, ಅಧಿಕ ಒತ್ತಡದ ಉತ್ಕರ್ಷಣ ಅಥವಾ ಬ್ಯಾಕ್ಟೀರಿಯಾಗಳಿಂದ ಗಂಧಕಯುಕ್ತ ಖನಿಜಗಳನ್ನು ಕರಗಿಸುವ ಜೈವಿಕ ಉತ್ಕರ್ಷಣವನ್ನು ಬಳಸುತ್ತಾರೆ. ಅತಿಸೂಕ್ಷ್ಮವಾಗಿ ಅರೆದ ಬಳಿಕ ಸಾಮಾನ್ಯ ವಾಯುಭಾರದಲ್ಲಿಯೇ ಆಮ್ಲಜನಕ ಊದಿ ಉತ್ಕರ್ಷಿಸುವ ಆಲ್ಬಿಯಾನ್ ಪ್ರಕ್ರಿಯೆಯು ಈ ಎರಡು ಮಾರ್ಗಗಳನ್ನು ಜೋಡಿಸುತ್ತದೆ.

ಕರ್ನಾಟಕದಲ್ಲಿ

ಕೋಲಾರದ ಚಿನ್ನದ ಗಣಿಗಳಲ್ಲಿ ಆಧುನಿಕ ಗಣಿಗಾರಿಕೆಯು 1880ರ ದಶಕದಲ್ಲಿ ನೆಲೆಗೊಂಡಿತು. ಅಲ್ಲಿನ ಚಾಂಪಿಯನ್ ಸಿರದ ಚಿನ್ನವು ಬಹುಮಟ್ಟಿಗೆ ಬೆಣಚುಕಲ್ಲಿನಲ್ಲಿರುವ ಮುಕ್ತ ಚಿನ್ನವಾಗಿದ್ದುದರಿಂದ ಒನಕೆ ಗಿರಣಿ ಮತ್ತು ಪಾದರಸದ ವಿಧಾನಗಳೇ ಆರಂಭದಲ್ಲಿ ಸಾಕಾದವು. ಮುಂದೆ ಗಿರಣಿಯ ಶೇಷದಿಂದ ಉಳಿದ ಚಿನ್ನವನ್ನು ಪಡೆಯಲು ಸಯನೈಡ್ ಘಟಕಗಳು ಬಂದವು. 1902ರಲ್ಲಿ ಶಿವನಸಮುದ್ರದಿಂದ ಜಲವಿದ್ಯುತ್ ಹರಿದುಬಂದ ಮೇಲೆ ಗಣಿ ಯಂತ್ರಗಳಿಗೆ ನಿರಂತರ ಶಕ್ತಿಯ ಆಸರೆ ದೊರೆಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.

ಅರೆದು ಉಳಿದ ಹುಡಿಯು ಕೆಜಿಎಫ್ ಪಟ್ಟಣದ ಸುತ್ತ ಬೃಹತ್ ದಿಬ್ಬಗಳಾಗಿ ನಿಂತಿದೆ. ಸ್ಥಳೀಯರು ಇವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಇವುಗಳ ಒಟ್ಟು ಪ್ರಮಾಣ 3 ಕೋಟಿ ಟನ್ನಿಗೂ ಹೆಚ್ಚೆಂದು ಅಂದಾಜಿಸಲಾಗಿದೆ. ಅವುಗಳಲ್ಲಿ ಅಲ್ಪ ಪ್ರಮಾಣದ ಚಿನ್ನ ಉಳಿದಿದ್ದು, 2024ರ ಜೂನ್ ತಿಂಗಳಲ್ಲಿ ಕರ್ನಾಟಕ ಸಚಿವ ಸಂಪುಟವು 13 ದಿಬ್ಬಗಳ ಮರುಸಂಸ್ಕರಣೆಯ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಇಂತಹ ಶೇಷದಲ್ಲಿ, ಹಳೆಯ ಗಿರಣಿಯು ಒಡೆಯದೆ ಬಿಟ್ಟ ದಪ್ಪ ಕಣಗಳೊಳಗಿನ ಚಿನ್ನವನ್ನು ಪಡೆಯಲು ಮರು ಅರೆಯುವಿಕೆ ಒಂದು ಮಾರ್ಗ. ಗಣಿಯಿಂದ ಅಗೆದು ತೆಗೆಯುವ ಮತ್ತು ಜಲ್ಲಿ ಮಾಡುವ ವೆಚ್ಚವು ಈಗಾಗಲೇ ಕಳೆದಿರುವುದು ಇದರ ಅನುಕೂಲ. ಟನ್ನಿಗೆ ದೊರೆಯುವ ಚಿನ್ನ ಅತ್ಯಲ್ಪವಾಗಿರುವುದು ಅನನುಕೂಲ.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ರಾಜ್ಯ ಸರ್ಕಾರದ ಒಡೆತನದ ಹಟ್ಟಿ ಚಿನ್ನದ ಗಣಿ ಕಂಪನಿಯು ಕಾರ್ಯ ನಿರ್ವಹಿಸುತ್ತಿದೆ. ಅಲ್ಲಿನ ಅದಿರಿನಲ್ಲಿ ಚಿನ್ನದ ಜೊತೆ ಪೈರೈಟ್, ಪಿರೊಟೈಟ್ ಮತ್ತು ಆರ್ಸೆನೊಪೈರೈಟ್ ಖನಿಜಗಳು ಕಂಡುಬರುತ್ತವೆ.

ಪರಿಸರ ಮತ್ತು ಸುರಕ್ಷತೆ

ಅರೆತವು ನುಣ್ಣಗಾದಷ್ಟೂ ಶೇಷದ ನಿರ್ವಹಣೆ ಕಠಿಣವಾಗುತ್ತದೆ. ಒಣಗಿದ ಹುಡಿಯು ಗಾಳಿಯಲ್ಲಿ ಹಾರಿ ಸಮೀಪದ ಜನವಸತಿಗಳನ್ನು ಸೇರುತ್ತದೆ. ಕೆಜಿಎಫ್‌ನ ದಿಬ್ಬಗಳ ಧೂಳು ಅಲ್ಲಿನ ನಿವಾಸಿಗಳ ಬಹುಕಾಲದ ಸಮಸ್ಯೆಯಾಗಿದೆ. ಬೆಣಚುಕಲ್ಲಿನ ಸೂಕ್ಷ್ಮ ಧೂಳನ್ನು ದೀರ್ಘಕಾಲ ಉಸಿರಾಡಿದರೆ ಸಿಲಿಕೋಸಿಸ್ ಎಂಬ, ಗುಣವಾಗದ ಶ್ವಾಸಕೋಶದ ರೋಗ ಬರುತ್ತದೆ. ನೀರಿನೊಡನೆ ಅರೆಯುವುದು, ಧೂಳು ಏಳುವೆಡೆ ನೀರು ಸಿಂಪಡಿಸುವುದು ಮತ್ತು ಹಳೆಯ ದಿಬ್ಬಗಳ ಮೇಲೆ ಗಿಡಗಳನ್ನು ಬೆಳೆಸುವುದು ಇದಕ್ಕೆ ಪ್ರತಿಬಂಧಕ ಕ್ರಮಗಳು.

ಸಯನೈಡ್ ಬೆರೆತ ಕೆಸರಿನ ಕ್ಷಾರತೆ ಕುಗ್ಗಿದರೆ ವಿಷಾನಿಲವಾದ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಆದುದರಿಂದ ಸುಣ್ಣ ಸೇರಿಸಿ ಅದರ ಪಿಎಚ್ ಮೌಲ್ಯವನ್ನು 10ಕ್ಕಿಂತ ಮೇಲೆ ಇರಿಸುತ್ತಾರೆ. 2000ದ ಜನವರಿ 30ರಂದು ರೊಮೇನಿಯದ ಬಾಯಾ ಮಾರೆಯಲ್ಲಿ, ಹಳೆಯ ಶೇಷವನ್ನು ಮರುಸಂಸ್ಕರಿಸುತ್ತಿದ್ದ ಘಟಕದ ಕಟ್ಟೆಯೊಡೆದು ಸುಮಾರು 1 ಲಕ್ಷ ಘನ ಮೀಟರ್ ಸಯನೈಡ್‌ಯುಕ್ತ ನೀರು ಟಿಸಾ ಮತ್ತು ಡ್ಯಾನ್ಯೂಬ್ ನದಿಗಳನ್ನು ಸೇರಿ, ಅಪಾರ ಪ್ರಮಾಣದ ಮೀನುಗಳು ಸತ್ತವು. ಈ ದುರಂತದ ಬಳಿಕ ಸಯನೈಡ್ ಬಳಕೆಗೆ ಅಂತರರಾಷ್ಟ್ರೀಯ ಸಂಹಿತೆಯೊಂದು ರೂಪುಗೊಂಡಿತು. ಇಂದಿನ ಹಲವು ಘಟಕಗಳು ಶೇಷವನ್ನು ಹೊರಬಿಡುವ ಮುನ್ನ ಅದರಲ್ಲಿನ ಸಯನೈಡನ್ನು ಗಂಧಕದ ಡೈಆಕ್ಸೈಡ್ ಮತ್ತು ಗಾಳಿಯ ಸಹಾಯದಿಂದ ನಿರ್ವಿಷಗೊಳಿಸುತ್ತವೆ.